ಅನಿಮೊನಿಗೂ ಜೀವ ಇದೆ

ಎಲ್ಲರಿಗೂ ನಮಸ್ಕಾರ.

ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅನ್ನುವವರ ಕಣ್ಣ ಮುಂದೆ ಸಾಮಾನ್ಯವಾಗಿ ಒಂದೇ ಚಿತ್ರ ಇರುತ್ತದೆ. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ, ಕಡಲಿನ ಕಲ್ಲಿಗೆ ಅಂಟಿಕೊಂಡು ಹೂವಿನ ಹಾಗೆ ಎಳೆ ಹರಡುವ ಅನಿಮೊನಿಯ ನಡುವಿನಿಂದ ಇಣುಕುವ ಕ್ಲೌನ್‌ಫಿಶ್ ಮೀನು. ನನಗೂ ಹಾಗೇ ಇತ್ತು. ಟ್ಯಾಂಕ್ ಇಟ್ಟು ಎರಡೇ ತಿಂಗಳಾಗಿತ್ತು. ಮೀನಿಗೊಂದು ಮನೆ ಬೇಕಲ್ವಾ ಅಂತ ಅನಿಮೊನಿ ತಂದೆ. ಮೂರನೇ ರಾತ್ರಿ ಅದು ಕಲ್ಲಿನಿಂದ ಕಳಚಿಕೊಂಡು ಹೊರಟಿತು. ಬೆಳಿಗ್ಗೆ ನೋಡಿದರೆ ಪಂಪಿನ ಬಾಯಿಗೆ ಸಿಕ್ಕಿ ಚೂರುಚೂರಾಗಿತ್ತು. ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿತ್ತು. ನಾನು ಮನೆ ಅಂದುಕೊಂಡು ತಂದದ್ದು ಒಂದು ಪ್ರಾಣಿಯನ್ನು. ಅದಕ್ಕೇನು ಬೇಕು ಅಂತ ನಾನು ಕೇಳಿಯೇ ಇರಲಿಲ್ಲ.

ಹಾಗಾದರೆ ಅದಕ್ಕೆ ಬೇಕಾದದ್ದೇನು? ಮೊದಲು ಬೆಳಕು. ಅನಿಮೊನಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಇರುತ್ತದೆ. ಬೆಳಕಿನಲ್ಲಿ ಆ ಪಾಚಿ ಮಾಡಿದ ಆಹಾರದಲ್ಲಿ ಅನಿಮೊನಿಗೂ ಪಾಲು. ಪಾಚಿ ಹೋದರೆ ಮೈ ಬೆಳ್ಳಗಾಗುತ್ತದೆ. ಅಂಗಡಿಯಲ್ಲಿ ಅಚ್ಚ ಬಿಳಿ ಅನಿಮೊನಿ ಕಂಡರೆ ಚೆನ್ನಾಗಿದೆ ಅಂತ ಮರುಳಾಗಬೇಡಿ, ಅದು ಹಸಿದಿದೆ. ಕೊಳ್ಳುವ ಅನಿಮೊನಿಯ ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಕಲ್ಲಿಗೆ ಅಂಟಿಕೊಳ್ಳುವ ಪಾದ ಹರಿದಿರಬಾರದು.

ಆಮೇಲೆ ಹಳೆಯ ನೀರು. ಅಂದರೆ ಕನಿಷ್ಠ ಆರು ತಿಂಗಳು ನಡೆದ ಟ್ಯಾಂಕ್, ಒಂದು ವರ್ಷವಾದರೆ ಇನ್ನೂ ಒಳ್ಳೆಯದು. ಉಷ್ಣತೆ 25–26 ಡಿಗ್ರಿ, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025 ಆಸುಪಾಸು. ಅಂಕಿಗಿಂತ ಮುಖ್ಯವಾದದ್ದು ಅದು ದಿನದಿನ ಏರಿಳಿಯದಿರುವುದು. ಪಂಪಿಗೆ ಜಾಲರಿ ಅಥವಾ ಸ್ಪಂಜು ಹಾಕಿಯೇ ಅನಿಮೊನಿ ತನ್ನಿ. ಇದೊಂದನ್ನು ದಯವಿಟ್ಟು ಮರೆಯಬೇಡಿ.

ಇನ್ನು ಜೋಡಿಯ ವಿಷಯ. ಸಾವಿರಕ್ಕೂ ಹೆಚ್ಚು ಬಗೆಯ ಅನಿಮೊನಿಗಳಿವೆ. ಕಡಲಿನಲ್ಲಿ ಕ್ಲೌನ್‌ಫಿಶ್ ವಾಸ ಮಾಡುವುದು ಸುಮಾರು 10 ಬಗೆಯಲ್ಲಿ ಮಾತ್ರ. ಮರೂನ್ ಕ್ಲೌನ್ ಅನ್ನುವ ಕ್ಲೌನ್‌ಫಿಶ್ ಜಾತಿ ಬಬಲ್ ಟಿಪ್ ಅನ್ನುವ ಅನಿಮೊನಿ ಒಂದನ್ನೇ ಒಪ್ಪುತ್ತದೆ. ಕ್ಲಾರ್ಕೀ ಹಾಗಲ್ಲ, ಯಾವುದಾದರೂ ಸರಿ ಅನ್ನುವ ಜಾತಿ. ನಾವು ಜಾಸ್ತಿ ಸಾಕುವ ಆಸೆಲಾರಿಸ್ ಕ್ಲೌನ್‌ಫಿಶ್‌ಗೆ ಕಡಲಿನಲ್ಲಿ ಬಬಲ್ ಟಿಪ್ ಜೊತೆ ನಂಟಿಲ್ಲ. ಟ್ಯಾಂಕಿನಲ್ಲಿ ಮಾತ್ರ ಎಷ್ಟೋ ಸಲ ಹೊಂದಿಕೊಳ್ಳುತ್ತದೆ. ಬಬಲ್ ಟಿಪ್ ಸಾಕುವುದೂ ಉಳಿದವುಗಳಿಗಿಂತ ಸುಲಭ, ಅದಕ್ಕೇ ನಾನು ಹೊಸಬರಿಗೆ ಅದನ್ನೇ ಹೇಳುವುದು. ಕಾರ್ಪೆಟ್ ಅನಿಮೊನಿ ಬೇಡ, ಅದು ಬೇರೆ ಮೀನುಗಳನ್ನು ಹಿಡಿದು ನುಂಗಿಬಿಡುತ್ತದೆ. ಕೆರಿಬಿಯನ್ ಕಡೆಯ ಕಾಂಡಿಲ್ಯಾಕ್ಟಿಸ್ ಅನ್ನುವ ಅನಿಮೊನಿ ಕೂಡ ಬೇಡ. ಅಟ್ಲಾಂಟಿಕ್‌ನಲ್ಲಿ ಕ್ಲೌನ್‌ಫಿಶ್ ಇಲ್ಲವೇ ಇಲ್ಲ, ಅವೆರಡಕ್ಕೂ ಪರಿಚಯವೇ ಇಲ್ಲ.

ಮೀನು ಅನಿಮೊನಿಗೆ ಹೋಗದಿದ್ದರೆ? ಸುಮ್ನೆ ಬಿಡಿ. ಬಲೆಯಲ್ಲಿ ಹಿಡಿದು ತಳ್ಳುವವರನ್ನು ನೋಡಿದ್ದೇನೆ, ನೋಡುವುದಕ್ಕೇ ಸಂಕಟವಾಗುತ್ತದೆ. ಟ್ಯಾಂಕಿನಲ್ಲಿ ಬೇಟೆಯಾಡುವ ಮೀನಿಲ್ಲದಿದ್ದರೆ ಕ್ಲೌನ್‌ಫಿಶ್ ಅನಿಮೊನಿ ಇಲ್ಲದೆಯೂ ಆರಾಮಾಗಿ ಬದುಕುತ್ತದೆ. ಸಾಕಣೆಯಲ್ಲೇ ಹುಟ್ಟಿದ ಎಷ್ಟೋ ಮೀನುಗಳು ಅನಿಮೊನಿಯನ್ನು ಕಂಡೇ ಇರುವುದಿಲ್ಲ.

ನನ್ನ ಎರಡನೇ ಅನಿಮೊನಿ ಬಂದದ್ದು ಒಂದೂವರೆ ವರ್ಷದ ನಂತರ. ನಾಲ್ಕು ತಿಂಗಳು ಮೀನುಗಳು ಅದರ ಹತ್ತಿರವೂ ಸುಳಿಯಲಿಲ್ಲ. ಒಂದು ಸಂಜೆ ಜೋಡಿಯಲ್ಲಿ ದೊಡ್ಡದು, ಅಂದರೆ ಹೆಣ್ಣು, ಹೊಟ್ಟೆಯ ಕೆಳಗಿನ ರೆಕ್ಕೆಯಿಂದ ಅದರ ಒಂದೇ ಒಂದು ತುದಿಯನ್ನು ಮುಟ್ಟಿತು. ಬೆಚ್ಚಿ ಹಿಂದೆ ಸರಿಯಿತು. ಮತ್ತೆ ಮುಟ್ಟಿತು. ಈ ಸಲ ಬಾಲ. ಹೀಗೆ ಗಂಟೆಗಟ್ಟಲೆ. ಮರುದಿನ ಮೈಪೂರ್ತಿ ಒಳಗೆ ಹೊಕ್ಕು ಹೊರಳಾಡುತ್ತಿತ್ತು. ವಾರದ ಮೇಲೆ ನಾನು ಹಾಕಿದ ಸಿಗಡಿ ಚೂರನ್ನು ತಾನು ತಿನ್ನಲಿಲ್ಲ. ಬಾಯಲ್ಲಿ ಕಚ್ಚಿಕೊಂಡು ಹೋಗಿ ಅನಿಮೊನಿಯ ನಡುವೆ ಇಟ್ಟು ಬಂತು.