ಹೊಟ್ಟೆಯ ಆಪರೇಷನ್ ಆದವರಿಗೆ ನರದ ಮೂಲಕ ಆಹಾರ

ಕೇಳುಗರೇ, ನಮಸ್ಕಾರ.

ಕರುಳಿಗೆ ದೊಡ್ಡ ಆಪರೇಷನ್ ಆದವರ ಮಂಚದ ಪಕ್ಕ ಕೂತ ಮನೆಯವರು, “ಗ್ಲೂಕೋಸ್ ಹೋಗ್ತಾ ಇದೆಯಲ್ಲ, ಅದೇ ಊಟ” ಎಂದು ಸಮಾಧಾನಪಡುವುದುಂಟು. ಲೆಕ್ಕ ಹಾಕಿ ನೋಡಿ. ಐದು ಪರ್ಸೆಂಟ್ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಸಕ್ಕರೆ 25 ಗ್ರಾಂ, ಶಕ್ತಿ ಸುಮಾರು 85 ಕ್ಯಾಲೊರಿ. 50 ಕೆ.ಜಿ. ತೂಕದವರಿಗೆ ದಿನಕ್ಕೆ ಬೇಕಾದದ್ದು 1250ರಿಂದ 1500 ಕ್ಯಾಲೊರಿ, ಪ್ರೋಟೀನ್ 60ರಿಂದ 75 ಗ್ರಾಂ. ನಾಲ್ಕು ಬಾಟಲಿ ಏರಿಸಿದರೂ ಸಿಗುವುದು 340 ಕ್ಯಾಲೊರಿ, ಪ್ರೋಟೀನ್ ಸೊನ್ನೆ. ಆಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ, ಗಾಯ ಬೇಗ ಕೂಡುವುದಿಲ್ಲ.

ಕರುಳು ಕೆಲಸ ಮಾಡುತ್ತಿದ್ದರೆ ಬಾಯಿಂದಲೋ ಮೂಗಿನ ನಳಿಕೆಯಿಂದಲೋ ಕೊಡುವುದೇ ಮೇಲು. ಕರುಳಿನ ಜೋಡಣೆ ಸೋರುತ್ತಿದ್ದರೆ, ಕರುಳಿನ ಚಲನೆ ನಿಂತಿದ್ದರೆ, ವಾರ ಕಳೆದರೂ ಅಗತ್ಯದ ಅರ್ಧದಷ್ಟೂ ಒಳಗೆ ಹೋಗುವಂತಿಲ್ಲದಿದ್ದರೆ ಟಿಪಿಎನ್, ಅಂದರೆ ಪೂರ್ತಿ ಆಹಾರವನ್ನು ನರದ ಮೂಲಕವೇ ಕೊಡುವುದು, ಬೇಕಾಗುತ್ತದೆ.

ಟಿಪಿಎನ್ ಚೀಲದಲ್ಲಿ ಸಾಮಾನ್ಯವಾಗಿ ಮೂರು ಕೋಣೆ: ಗ್ಲೂಕೋಸ್, ಅಮೈನೋ ಆಮ್ಲ (ಪ್ರೋಟೀನಿನ ಮೂಲ), ಕೊಬ್ಬು. ಚೀಲವನ್ನು ಮೇಲಿನಿಂದ ಸುರುಳಿ ಸುತ್ತುತ್ತ ಒತ್ತಿದರೆ ನಡುವಿನ ಸೀಲುಗಳು ಬಿಡುತ್ತವೆ. ತಲೆಕೆಳಗು ಮಾಡಿ ಬೆರೆಸಿದ ಮೇಲೆ ಎಲ್ಲ ಒಂದೇ ಸಮ ಬೆಳ್ಳಗೆ ಕಾಣಬೇಕು. ಎಣ್ಣೆ ತೇಲಿದರೆ, ಹಳದಿ ಗೆರೆ ಬಿದ್ದರೆ ಆ ಚೀಲವನ್ನು ಹಾಕಲೇಬಾರದು. ವಿಟಮಿನ್, ಸತು, ಸೆಲೆನಿಯಂಗಳನ್ನು ಬೇರೆಯಾಗಿ ಸೇರಿಸಬೇಕು. ನೇತುಹಾಕಿ 24 ಗಂಟೆಯಾದರೆ ಉಳಿದದ್ದನ್ನು ಚೆಲ್ಲಿ, ನಳಿಕೆಯನ್ನೂ ಬದಲಿಸಬೇಕು.

ಈ ದ್ರವ ಬಹಳ ಗಟ್ಟಿ, ಕೈಯ ಸಣ್ಣ ನರ ಊದಿಕೊಳ್ಳುತ್ತದೆ. ಹಾಗಾಗಿ ಕುತ್ತಿಗೆಯಿಂದಲೋ ತೋಳಿನಿಂದಲೋ ಹೃದಯದ ಹತ್ತಿರದ ದೊಡ್ಡ ನರದವರೆಗೆ ಲೈನ್ (ತೆಳು ಕೊಳವೆ) ಹಾಕುತ್ತಾರೆ. ಆ ದಾರಿಯನ್ನು ಆಹಾರಕ್ಕೇ ಮೀಸಲಿಡಬೇಕು. ಅದರಲ್ಲಿ ಬೇರೆ ಇಂಜೆಕ್ಷನ್ ಬೇಡ, ರಕ್ತ ತೆಗೆಯುವುದೂ ಬೇಡ. ಚಳಿ-ಜ್ವರ ಬಂದರೆ, ಬ್ಯಾಂಡೇಜ್ ಒದ್ದೆಯಾದರೆ ಆ ಕ್ಷಣವೇ ನರ್ಸಿಗೆ ತಿಳಿಸಿ. ನಂಜು ರಕ್ತಕ್ಕೆ ಹತ್ತುವುದು ಅಲ್ಲಿಂದಲೇ.

ನಮ್ಮ ಕೊಡಗಿನಲ್ಲಿ ಮಳೆಗಾಲದಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಗಳಿಂದ ತಡವಾಗಿ ಬರುವವರಿದ್ದಾರೆ. ಎಷ್ಟೋ ದಿನದಿಂದ ಸರಿಯಾಗಿ ಉಂಡಿರುವುದಿಲ್ಲ. ಅವರಿಗೆ ಮೊದಲ ದಿನವೇ ಪೂರ್ತಿ ಕೊಟ್ಟರೆ ಜೀವಕ್ಕೇ ಅಪಾಯ. ಸಕ್ಕರೆ ಒಳಹೊಕ್ಕೊಡನೆ ಇನ್ಸುಲಿನ್ ಏರಿ, ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಕ್ಕೆ ಹೋಗಿಬಿಡುತ್ತವೆ. ಉಸಿರಾಟದ ಸ್ನಾಯು ಸೋಲುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಕೆ.ಜಿ.ಗೆ 10 ಕ್ಯಾಲೊರಿಯಿಂದ ಶುರುಮಾಡಿ, ದಿನಾ ರಕ್ತ ನೋಡುತ್ತ ನಿಧಾನವಾಗಿ ಏರಿಸಬೇಕು. ಮನೆಯವರು ಇಲ್ಲಿ ಆತುರಪಡಬೇಡಿ.

ಸಕ್ಕರೆಯ ಮಟ್ಟವನ್ನು ಶುರುವಿನಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ನೋಡಿ 180 ಮೀರದಂತೆ ಕಾಯುತ್ತಾರೆ. ಡ್ರಿಪ್ ಹಿಂದೆ ಬಿದ್ದಿದೆಯೆಂದು ಜೋರು ಮಾಡಬಾರದು, ತಟ್ಟನೆ ನಿಲ್ಲಿಸಲೂಬಾರದು; ನಿಲ್ಲಿಸಿದರೆ ಸಕ್ಕರೆ ಇಳಿಯಬಹುದು. ಮಡಿಕೇರಿಯಿಂದ ಮೈಸೂರಿಗೋ, ಸಂಪಾಜೆ ಘಾಟಿ ಇಳಿದು ಮಂಗಳೂರಿಗೋ ಸಾಗಿಸುವಾಗ ಚೀಲ ಮುಗಿದರೆ, ವೈದ್ಯರ ಸೂಚನೆಯಂತೆ ಹತ್ತು ಪರ್ಸೆಂಟ್ ಗ್ಲೂಕೋಸನ್ನು ಅದೇ ವೇಗದಲ್ಲಿ ಹಾಕಬೇಕು. ಚೀಲ ಹಾಕಿದ ಹೊತ್ತು, ಹನಿಯ ವೇಗ ಚೀಟಿಯಲ್ಲಿರಲಿ.

ವೈದ್ಯರು ಒಪ್ಪಿದ ಮೇಲೆ ಗಂಜಿ, ಮೊಟ್ಟೆ ಬಾಯಿಗೆ ಹೋಗತೊಡಗಿದಂತೆ ಚೀಲದ ಪ್ರಮಾಣ ಇಳಿಸುತ್ತಾರೆ. ಕುತ್ತಿಗೆಯ ಲೈನ್ ತೆಗೆಯುವಾಗ ರೋಗಿ ಚಪ್ಪಟೆಯಾಗಿ ಮಲಗಿರಬೇಕು. ತೆಗೆದ ಜಾಗವನ್ನು ರಕ್ತ ನಿಲ್ಲುವವರೆಗೆ, ಕನಿಷ್ಠ ಐದು ನಿಮಿಷ ಒತ್ತಿಹಿಡಿದು, ಗಾಳಿಯಾಡದ ಪಟ್ಟಿ ಹಾಕಬೇಕು.