ಬಾಂಡ್ ಪೇಪರಿಗೆ ಸಹಿ ಹಾಕೋ ಮೊದಲು

ನಮಸ್ಕಾರ. ಇವತ್ತು ಬಾಂಡ್ ಪೇಪರ್ ಡೈವೋರ್ಸ್ ಬಗ್ಗೆ ಮಾತಾಡಲೇಬೇಕು.

ನಮ್ಮ ಮಂಡ್ಯ ಸೀಮೆಯಲ್ಲಿ ಗಂಡ ಹೆಂಡತಿ ಬೇರೆಯಾಗೋದು ಎಷ್ಟೋ ಸಲ ಹೀಗೆ. ಎರಡೂ ಕಡೆ ಹಿರಿಯರು ಕೂತು ಮಾತಾಡುತ್ತಾರೆ. ಇಷ್ಟು ದುಡ್ಡು ಅಂತ ತೀರ್ಮಾನ ಆಗುತ್ತೆ. ಟೈಪಿಂಗ್ ಅಂಗಡಿಯಲ್ಲಿ ಬಾಂಡ್ ಪೇಪರ್ ತಯಾರಾಗುತ್ತೆ. 'ಇನ್ನು ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ' ಅಂತ ಒಂದು ಸಾಲು. ಕೆಳಗೆ ಇಬ್ಬರ ಸಹಿ, ಸಾಕ್ಷಿಗಳ ಸಹಿ, ನೋಟರಿ ಸೀಲು. ಹುಡುಗಿ ಅದರ ಜೆರಾಕ್ಸ್ ಹಿಡಿದು ತವರಿಗೆ ಬರುತ್ತಾಳೆ.

ಆದರೆ ಕಾನೂನಿನ ಲೆಕ್ಕದಲ್ಲಿ ಆ ಮದುವೆ ಇನ್ನೂ ಇದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆ ಮುರಿಯೋಕೆ ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಬೇಕು. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು ಕಾಯ್ದೆ ಒಪ್ಪುತ್ತೆ, ನಿಜ. ಆದರೆ ಅಂಥ ರೂಢಿ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆಗಲಿಲ್ಲ ಅಂದರೆ ಅವಳ ಎರಡನೇ ಮದುವೆಯೇ ಅಸಿಂಧು. ನಾಳೆ ಪಿಂಚಣಿ, ಆಸ್ತಿ ಅಂತ ಹೋದಾಗ ಅವಳು ಯಾರ ಹೆಂಡತಿ? ಆವತ್ತು ಪಂಚಾಯ್ತಿಗೆ ಕೂತವರು ಯಾರೂ ಜೊತೆಗೆ ಬರೋದಿಲ್ಲ. ನನಗೆ ಸಂಕಟ ಆಗೋದು ಇಲ್ಲೇ.

ಯಾಕೆ ಕೋರ್ಟಿಗೆ ಹೋಗಲಿಲ್ಲ ಅಂತ ಕೇಳಿ. 'ಲಾಯರ್ ಫೀಸು ಎಲ್ಲಿಂದ ತರೋಣ?' ಅನ್ನುತ್ತಾರೆ. ಅಕ್ಕಾ, ನೀವು ತರಬೇಕಾಗೇ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಲಾಯರ್ ಉಚಿತ. ಹೆಣ್ಣು ಅಂದ ಮೇಲೆ ಆದಾಯ ಎಷ್ಟು ಅನ್ನೋ ಪ್ರಶ್ನೆಯೇ ಇಲ್ಲ. ಬೇರೆ ಗಂಡಸರಿಗೆ ವರಮಾನದ ಮಿತಿ ಇದೆ, ಅದರೊಳಗಿದ್ದರೆ ಅವರಿಗೂ ಸಿಗುತ್ತೆ. ಕೋರ್ಟ್ ಫೀಸು, ಟೈಪಿಂಗ್, ನಕಲು ತೆಗೆಸೋ ಖರ್ಚು ಕೂಡ ಇದರಲ್ಲೇ ಬರುತ್ತೆ. ಮೈಸೂರಲ್ಲೂ ಮಂಡ್ಯದಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿ ಇದೆ. ಬಿಳಿ ಹಾಳೆ ಮೇಲೆ ಅರ್ಜಿ ಕೊಟ್ಟರೂ ನಡೆಯುತ್ತೆ. ಬರೆಯೋಕೆ ಬರಲ್ವಾ? ನೀವು ಹೇಳಿ, ಅವರೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಹೋಗೋಕೆ ಮುಂಚೆ ವಿಚಾರಿಸಬೇಕಾ, 15100ಕ್ಕೆ ಫೋನ್ ಮಾಡಿ.

'ಪುಕ್ಕಟೆ ಲಾಯರು ಏನು ಕೆಲಸ ಮಾಡ್ತಾರೆ ಬಿಡಿ' ಅನ್ನೋ ಮಾತು ಬಹಳ ಕೇಳಿದ್ದೀನಿ. ಎಲ್ಲರೂ ಒಂದೇ ಥರ ಇರೋದಿಲ್ಲ, ಒಪ್ಪುತ್ತೀನಿ. ಕೇಸಿನ ದಿನ ಬರಲಿಲ್ಲ, ಫೋನ್ ಎತ್ತಲಿಲ್ಲ ಅಂದರೆ ಪ್ರಾಧಿಕಾರಕ್ಕೆ ಬರೆದುಕೊಡಿ, ಬೇರೆಯವರನ್ನು ಕೇಳಿ. ದುಡ್ಡು ಕೇಳಿದರೂ ಅಷ್ಟೇ, ಕೊಡಬೇಡಿ, ದೂರು ಕೊಡಿ.

ಇಬ್ಬರಿಗೂ ಒಪ್ಪಿಗೆ ಇದ್ದರೆ ದಾರಿ ಇನ್ನೂ ಸಲೀಸು. ಒಂದು ವರ್ಷ ಬೇರೆ ಇದ್ದು, ಜಂಟಿ ಅರ್ಜಿ ಹಾಕಬಹುದು. ಆಮೇಲೆ ಆರು ತಿಂಗಳು ಕಾಯಬೇಕು. ತಕ್ಕ ಕಾರಣ ಇದ್ದರೆ ಕೋರ್ಟ್ ಅದನ್ನೂ ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಹಿರಿಯರು ಮಾಡಿದ ರಾಜಿ ವ್ಯರ್ಥ ಆಗೋದಿಲ್ಲ. ಅದನ್ನೇ ಜಂಟಿ ಅರ್ಜಿಯಲ್ಲಿ ಬರೆಸಿ.

ಇನ್ನು ಮಗುವಿನ ವಿಷಯ. 'ಮಗು ತಂದೆ ಹತ್ತಿರ ಇರತಕ್ಕದ್ದು, ತಾಯಿ ಕೇಳತಕ್ಕದ್ದಲ್ಲ' ಅಂತಲೂ ಬಾಂಡ್ ಪೇಪರಲ್ಲಿ ಬರೆಸುತ್ತಾರೆ. ಅದಕ್ಕೆ ಸಹಿ ಹಾಕಿಬಿಟ್ಟೆ ಅಂತ ವರ್ಷಗಟ್ಟಲೆ ಮಗುವಿನ ಮುಖ ನೋಡದೆ ಕೂತ ತಾಯಂದಿರು ಇದ್ದಾರೆ. ದಯವಿಟ್ಟು ಕೇಳಿ: ಕೋರ್ಟ್ ನೋಡೋದು ಮಗುವಿನ ಹಿತವನ್ನು, ಆ ಸಾಲನ್ನಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತ ಹಿಂದೂ ಮಕ್ಕಳ ಪಾಲಕತ್ವದ 1956ರ ಕಾಯ್ದೆಯೇ ಹೇಳುತ್ತೆ. ಮಗು ತಾಯಿ ಹತ್ತಿರ ಇದ್ದರೆ ತಂದೆ ಕೂಡ ನೋಡೋಕೆ ಅವಕಾಶ ಕೇಳಬಹುದು. 'ನನಗೆ ಜೀವನಾಂಶ ಬೇಡ' ಅಂತ ನೀವು ಬರೆದುಕೊಟ್ಟಿದ್ದರೂ ಮಗುವಿನ ಜೀವನಾಂಶ ಹೋಗೋದಿಲ್ಲ. ಅದು ಮಗುವಿನ ಹಕ್ಕು.

ದತ್ತು ವಿಷಯದಲ್ಲೂ ಇದೇ ಬಾಂಡ್ ಪೇಪರ್ ಕಾಟ. ಹಿಂದೂ ಕುಟುಂಬಗಳ ನಡುವೆ ಹೆತ್ತವರೇ ಮಗುವನ್ನು ದತ್ತು ಕೊಡೋಕೆ ಕಾನೂನಿದೆ. ಅದಕ್ಕೆ ನಿಯಮಗಳಿವೆ, ದತ್ತು ಪತ್ರ ನೋಂದಣಿ ಮಾಡಿಸಿದರೆ ಒಳ್ಳೆಯದು, ದುಡ್ಡು ಮಾತ್ರ ಕೈ ಬದಲಾಗಕೂಡದು. ಆದರೆ 'ಆಸ್ಪತ್ರೆಯಲ್ಲಿ ಒಂದು ಮಗು ಇದೆ, ಬಾಂಡ್ ಮಾಡಿಸಿ ಕೊಡಿಸ್ತೀನಿ' ಅನ್ನುವವರ ಬಲೆಗೆ ಬೀಳಬೇಡಿ. ಅದು ಜೈಲಿಗೆ ಹೋಗೋ ಕೆಲಸ. ಅನಾಥ ಮಗು ಬೇಕಿದ್ದರೆ ಕೇಂದ್ರದ ದತ್ತು ಪ್ರಾಧಿಕಾರ 'ಕಾರಾ'ದ ವೆಬ್‌ಸೈಟಲ್ಲಿ ಹೆಸರು ಹಚ್ಚಬೇಕು. ಕಾಯೋದು ಜಾಸ್ತಿ, ಗೊತ್ತು. 2022ರ ಸೆಪ್ಟೆಂಬರಿನಿಂದ ಕೊನೆಯ ಆದೇಶ ಕೊಡೋದು ಜಿಲ್ಲಾಧಿಕಾರಿ.

ಹೆತ್ತ ಮಗುವನ್ನು ಸಾಕೋಕೆ ಆಗದೆ ಒದ್ದಾಡ್ತಿರೋ ತಾಯಿ ಯಾರಾದರೂ ಇದನ್ನು ಕೇಳ್ತಿದ್ದರೆ: ಮಧ್ಯವರ್ತಿ ಕೈಗೆ ಕೊಡಬೇಡಿ, ತಾಯಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗಿ. ಅಲ್ಲಿ ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸೋಕೆ ನಿಮಗೆ ಎರಡು ತಿಂಗಳು ಕೊಡುತ್ತಾರೆ.