ಬೇಲಿ ದಾಟಿ ಬಂದ ಜಿಂಕೆ

ಎಲ್ಲರಿಗೂ ನಮಸ್ಕಾರ.

ನಾನು ಬೇಟೆಗಾರನಲ್ಲ. ಇಲ್ಲೇ ಟೆಕ್ಸಾಸಿನಲ್ಲಿ, ಆಸ್ಟಿನ್ನಿನಿಂದ ಪಶ್ಚಿಮಕ್ಕೆ, ಹಿಲ್ ಕಂಟ್ರಿ ಎನ್ನುವ ಗುಡ್ಡಗಾಡಿನಲ್ಲಿ ಹನ್ನೊಂದು ಎಕರೆ ಇಟ್ಟುಕೊಂಡವನು. ಇಲ್ಲಿ ಕೂತಿರುವ ನಿಮ್ಮಲ್ಲೂ ಕೆಲವರು ಆ ಕಡೆ ಜಮೀನು ಕೊಂಡಿದ್ದೀರಿ, ಇನ್ನು ಕೆಲವರು ನೋಡುತ್ತಿದ್ದೀರಿ. ಬೋರ್‌ವೆಲ್, ತೆರಿಗೆ, ರಸ್ತೆ ಎಲ್ಲವನ್ನೂ ನಾವು ವಿಚಾರಿಸುತ್ತೇವೆ. ಪಕ್ಕದ ಜಮೀನಿನಲ್ಲಿ ಬಾಣ ತಿಂದ ಜಿಂಕೆ ನಮ್ಮ ಬೇಲಿ ದಾಟಿ ಬಂದರೆ ಏನು ಮಾಡಬೇಕು ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಿರಲಿಲ್ಲ.

ಅದೊಂದು ಅಕ್ಟೋಬರ್ ಸಂಜೆ. ದೀಪ ಹಚ್ಚುವ ಹೊತ್ತು. ಗೇಟಿನ ಹತ್ತಿರ ಯಾರೋ ಕೂಗಿದರು. ಹೋಗಿ ನೋಡಿದರೆ ಪಕ್ಕದ ಜಮೀನಿನ ಮುದುಕರು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಅಲ್ಲಿಯತನಕ ಅವರ ಜೊತೆ ನನ್ನ ಪರಿಚಯ ಕಾರಿನಿಂದ ಕೈ ಎತ್ತುವಷ್ಟು ಮಾತ್ರ. ತಾವು ಹೊಡೆದ ಜಿಂಕೆ ಹಿಂಗಾಲಿನ ಮೇಲೆ ಗಾಯವಾಗಿ ನಮ್ಮ ಕಡೆ ನುಗ್ಗಿದೆ, ಹುಡುಕಲು ಒಳಗೆ ಬರಬಹುದೇ ಎಂದು ಕೇಳಿದರು. ಬೇಲಿಯ ಕೆಳತಂತಿಗೆ ಅಂಟಿದ್ದ ರಕ್ತವನ್ನೂ ತೋರಿಸಿದರು. ನನಗೆ ಹೆದರಿಕೆಯಾಯಿತು. ಕತ್ತಲೆ, ಬಿಲ್ಲು ಹಿಡಿದವರು, ಮನೆಯಲ್ಲಿ ಮಕ್ಕಳು. "ಬೆಳಿಗ್ಗೆ ಬನ್ನಿ" ಅಂದೆ. ಅವರು ಒಂದು ಮಾತೂ ಎದುರಾಡದೆ ಹೋದರು.

ಬೆಳಿಗ್ಗೆ ಇಬ್ಬರೂ ರಕ್ತದ ಜಾಡು ಹಿಡಿದು ನಡೆದೆವು. ಒಣಹುಲ್ಲಿನ ಮೇಲೆ ಅಲ್ಲೊಂದು ಇಲ್ಲೊಂದು ಹನಿ, ಕಂದು ಬಣ್ಣಕ್ಕೆ ತಿರುಗಿತ್ತು. ಮೂರು ಕಡೆ ಹುಲ್ಲು ಮಲಗಿದ ಗುರುತಿತ್ತು, ಮೂರರಲ್ಲೂ ರಕ್ತ. ಮಲಗಿ, ತಡೆಯಲಾರದೆ ಎದ್ದು, ಮತ್ತೆ ಮಲಗಿದೆ. ಕೊನೆಗೆ ಸಣ್ಣ ಕೊಳದ ಪಕ್ಕದ ಸೀಡರ್ ಮರದ ಬುಡದಲ್ಲಿ ಸಿಕ್ಕಿತು. ಸತ್ತಿರಲಿಲ್ಲ. ನಮ್ಮ ಸದ್ದಿಗೆ ತಲೆ ಎತ್ತಲು ಆಗಲಿಲ್ಲ, ಕಿವಿ ಮಾತ್ರ ನಮ್ಮ ಕಡೆ ತಿರುಗಿತು. ಆ ಮುದುಕರು ಅಲ್ಲೂ ನಿಂತು, ಬಿಲ್ಲು ತರಲು ನನ್ನ ಒಪ್ಪಿಗೆ ಕೇಳಿದರು. ಒಂದು ಇಡೀ ರಾತ್ರಿ ಅದು ಅಲ್ಲಿ ಬಿದ್ದಿತ್ತು. ನನ್ನ ಒಂದು ಮಾತಿನಿಂದ.

ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಮೊದಲು ಕಾನೂನು ಓದಿದೆ. ಟೆಕ್ಸಾಸಿನಲ್ಲಿ ಮಾತು ಸ್ಪಷ್ಟ. ಗಾಯಗೊಂಡ ಪ್ರಾಣಿ ಗಡಿ ದಾಟಿದರೆ, ಆ ಜಮೀನಿನವರ ಒಪ್ಪಿಗೆಯಿಲ್ಲದೆ ಬೇಟೆಗಾರ ಹಿಂಬಾಲಿಸುವಂತಿಲ್ಲ. ಮರಕ್ಕೆ ಬಳಿದ ನೇರಳೆ ಪಟ್ಟೆಯನ್ನು ನೀವು ನೋಡಿರುತ್ತೀರಿ: ಕನಿಷ್ಠ 8 ಅಂಗುಲ ಉದ್ದ, 1 ಅಂಗುಲ ಅಗಲ, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ. ಅದು ಅಲಂಕಾರವಲ್ಲ, ಒಳಗೆ ಕಾಲಿಡಬೇಡ ಎಂಬ ಬೋರ್ಡಿಗೆ ಸಮ. ಇನ್ನೊಂದು ಕಡೆ, ಹೊಡೆದ ಪ್ರಾಣಿಯನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ಬಿಟ್ಟುಹೋದರೆ ಅದೂ ಇಲ್ಲಿ ಅಪರಾಧ. ಅಂದರೆ ಬೇಟೆಗಾರ ಹುಡುಕಲೇಬೇಕು, ಆದರೆ ನನ್ನನ್ನು ಕೇಳದೆ ಬರಕೂಡದು. ಕಾನೂನು ಅವನನ್ನು ತಂದು ನಿಲ್ಲಿಸುವುದು ನನ್ನ ಬಾಯಿಂದ ಬರುವ ಹೌದು ಅಥವಾ ಬೇಡದ ಮುಂದೆ. ಇಷ್ಟೆಲ್ಲ ಆದರೂ ಆ ಜಿಂಕೆ ನನ್ನದಲ್ಲ. ಕಾಡುಪ್ರಾಣಿಗಳು ರಾಜ್ಯದ ಜನರೆಲ್ಲರ ಸ್ವತ್ತು ಎನ್ನುತ್ತದೆ ಇಲ್ಲಿನ ಕಾಯಿದೆ. ನನ್ನದಾಗಿರುವುದು ನೆಲ ಮಾತ್ರ.

ಎಲ್ಲ ಕಡೆ ಹೀಗಿಲ್ಲ. ಮಿನೆಸೋಟಾದಲ್ಲಿ ಪ್ರವೇಶವಿಲ್ಲ ಎಂಬ ಬೋರ್ಡು ಹಾಕದ ಜಮೀನಿಗೆ, ಕಾನೂನು ಪ್ರಕಾರ ಹೊಡೆದ ಪ್ರಾಣಿಯನ್ನು ತರಲು ಕೇಳದೆಯೂ ನಡೆದು ಹೋಗಬಹುದು, ಸಿಕ್ಕ ಕೂಡಲೇ ಹೊರಬೀಳಬೇಕು. ವರ್ಜೀನಿಯಾದಲ್ಲಿ ಅಟ್ಟಿಸಿಕೊಂಡು ಹೋದ ನಾಯಿಯ ಹಿಂದೆ ಪಕ್ಕದವರ ನೆಲಕ್ಕೂ ಹೋಗಬಹುದು, ಬಂದೂಕು ಮಾತ್ರ ಒಯ್ಯುವಂತಿಲ್ಲ. ನನಗೆ ಮನಸ್ಸಿಗೆ ನಾಟಿದ್ದು ಜರ್ಮನಿಯ ಬೇಟೆ ಕಾಯಿದೆ. ಗಾಯಗೊಂಡ ಪ್ರಾಣಿಯ ಬಗ್ಗೆ ಅದರಲ್ಲಿರುವ ಕಲಮು ಯಾರ ಹಕ್ಕು ಎಂಬಲ್ಲಿಂದ ಶುರುವಾಗುವುದಿಲ್ಲ. ಏಟು ತಿಂದ ಪ್ರಾಣಿ ತಪ್ಪಿಸಬಹುದಾದ ನೋವನ್ನು ಅನುಭವಿಸಬಾರದು, ತಡಮಾಡದೆ ಅದರ ನೋವು ಮುಗಿಸಬೇಕು ಎಂಬಲ್ಲಿಂದ ಶುರು. ಅದಾದ ಮೇಲೆ, ಪಕ್ಕದ ಬೇಟೆವಲಯಕ್ಕೆ ದಾಟಿದರೆ ಹಿಂಬಾಲಿಸಲು ಅಲ್ಲಿನ ಹಕ್ಕುದಾರರ ಜೊತೆ ಬರವಣಿಗೆಯ ಒಪ್ಪಂದ ಇರಬೇಕು ಎನ್ನುತ್ತದೆ. ಅಂದರೆ ಕೇಳುವ ಕೆಲಸ ಮುಂಚೆಯೇ ಮುಗಿದಿರಬೇಕು. ಜೀವ ಹೋಗುತ್ತಿರುವಾಗ ಗೇಟಿನ ಹತ್ತಿರ ನಿಂತು ಕೇಳುವುದಲ್ಲ.

ನಮ್ಮವರು ಈ ಜಗಳವನ್ನು ಬಹಳ ಹಿಂದೆಯೇ ಕಂಡವರು. ಕಿರಾತನ ವೇಷದ ಶಿವನೂ ಅರ್ಜುನನೂ ಒಂದೇ ಹಂದಿಗೆ ಬಾಣ ಬಿಟ್ಟು, ನನ್ನದು ನನ್ನದು ಎಂದು ಕಾದಾಡಿದ್ದು ಯಕ್ಷಗಾನ ನೋಡಿದ ಮಗುವಿಗೂ ಗೊತ್ತು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಒಂದು ಅರ್ಧ ಶ್ಲೋಕವಿದೆ: "ಸ್ಥಾಣುಚ್ಛೇದಸ್ಯ ಕೇದಾರಮಾಹುಃ ಶಲ್ಯವತೋ ಮೃಗಮ್". ಮೋಟುಮರ ಕಡಿದು ಹಸನು ಮಾಡಿದವನದು ಗದ್ದೆ, ಬಾಣ ನೆಟ್ಟವನದು ಮೃಗ. ಗದ್ದೆ ಮತ್ತು ಮೃಗ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿವೆ. ಆ ಬಾಣ ಹೊತ್ತ ಮೃಗವೇ ಆ ಗದ್ದೆಗೆ ನುಗ್ಗಿದರೆ? ಆ ಸಾಲು ಅಲ್ಲಿಗೆ ಹೋಗುವುದಿಲ್ಲ. ನಾನು ಆ ಸಂಜೆ ನಿಂತಿದ್ದದ್ದು ಸರಿಯಾಗಿ ಅಲ್ಲೇ.

ಕಾನೂನು ಓದಿದವರಿಗೆ 1805ರ ನ್ಯೂಯಾರ್ಕಿನ ಪಿಯರ್ಸನ್ ಮತ್ತು ಪೋಸ್ಟ್ ಮೊಕದ್ದಮೆ ಗೊತ್ತಿರುತ್ತದೆ. ಪೋಸ್ಟ್ ನಾಯಿಗಳ ಜೊತೆ ಅಟ್ಟಿಸಿಕೊಂಡು ಬಂದ ನರಿಯನ್ನು ಪಿಯರ್ಸನ್ ಕಣ್ಣೆದುರೇ ಕೊಂದು ಒಯ್ದ. ಬರೀ ಅಟ್ಟಿದರೆ ಸಾಲದು ಎಂದಿತು ನ್ಯಾಯಾಲಯ. ಆದರೆ ಸಾಯುವಂಥ ಗಾಯ ಮಾಡಿ, ಬೆನ್ನು ಬಿಡದೆ ಹೋಗುತ್ತಿದ್ದರೆ ಅದು ಅವನದೇ ಎಂದು ಎಣಿಸಬಹುದು ಎಂದೂ ನ್ಯಾಯಮೂರ್ತಿ ಟಾಂಪ್ಕಿನ್ಸ್ ಬರೆದರು. ಬೆನ್ನು ಬಿಡದೆ ಎಂಬುದೇ ಮುಖ್ಯ. ಆ ಮುದುಕರು ಬೆನ್ನು ಬಿಟ್ಟಿರಲಿಲ್ಲ, ಬಿಡಿಸಿದವನು ನಾನು.

ಭಾರತದಲ್ಲಿ, ಊರಿನಲ್ಲಿ ತೋಟ ಇರುವವರು ಇದನ್ನು ಅಲ್ಲಿಗೆ ಹಾಗೇ ಒಯ್ಯಬೇಡಿ. ಅಲ್ಲಿ 1972ರ ವನ್ಯಜೀವಿ ಕಾಯಿದೆ ಇದೆ. ಬೇಟೆಯೇ ನಿಷಿದ್ಧ, ಹೊಡೆದದ್ದು ಸರ್ಕಾರದ ಸ್ವತ್ತು. ಉರುಳಿಗೆ ಸಿಕ್ಕಿ ಗಾಯವಾದ ಹಂದಿಯೋ ಚಿರತೆಯೋ ನಿಮ್ಮ ಕಾಫಿ ತೋಟಕ್ಕೆ ಬಂದರೆ ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಇಲ್ಲಿರುವವರಿಗೆ ನನ್ನ ಕೋರಿಕೆ ಬೇರೆ. ಬೇಟೆ ನಿಮಗೆ ಒಪ್ಪಿಗೆಯಾಗದೇ ಇರಬಹುದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೊಟ್ಟೆಯನ್ನೂ ತರುವುದಿಲ್ಲ, ಆ ಮನಸ್ಸು ನನಗೆ ಗೊತ್ತು. ಆದರೆ ಪ್ರಾಣಿ ಬೇಲಿ ದಾಟುವ ಹೊತ್ತಿಗೆ ಹೊಡೆಯಬೇಕೇ ಬೇಡವೇ ಎಂಬ ಪ್ರಶ್ನೆ ಮುಗಿದುಹೋಗಿರುತ್ತದೆ. ಉಳಿದಿರುವುದು ಅದರ ನೋವು ಎಷ್ಟು ಹೊತ್ತು ಎಂಬುದೊಂದೇ. ಬೇಡ ಎನ್ನುವ ಹಕ್ಕು ನಿಮಗಿದೆ. ಹೌದಾದರೂ ಬೇಡವಾದರೂ ಕೂಡಲೇ ಹೇಳಿ, ಕಾಯಿಸಬೇಡಿ. ಹೆದರಿಕೆಯಾದರೆ ನೀವೂ ಟಾರ್ಚ್ ಹಿಡಿದು ಜೊತೆಗೆ ಹೋಗಿ. ಬೇಟೆಗಾರರಿಗೂ ಒಂದು ಮಾತು: ಒಪ್ಪಿಗೆ ಸಿಕ್ಕ ಮೇಲೆ ಆಯುಧ ತರಬಹುದೇ ಎಂದು ಬೇರೆಯಾಗಿ ಕೇಳಿ. ಜೀಪು ನುಗ್ಗಿಸಬೇಡಿ, ಗೇಟು ತೆರೆದದ್ದನ್ನು ಮುಚ್ಚಿ.

ಈಗ ಆ ಹಿರಿಯರ ಹತ್ತಿರ ನನ್ನ ನಂಬರ್ ಇದೆ, ಅವರದು ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಯಾವ ಗೇಟಿನಿಂದ ಬರಬೇಕು, ಮನೆಯ ಸುತ್ತ ಎಲ್ಲಿಯತನಕ ಬರಬಾರದು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿದ್ದೇವೆ. ಉತ್ತರದ ಬೇಲಿಯಾಚೆಯವರ ಪರಿಚಯ ಇನ್ನೂ ಆಗಿಲ್ಲ. ಬಂದೂಕಿನಿಂದ ಜಿಂಕೆ ಬೇಟೆಯಾಡುವ ಸೀಸನ್ನು ನವೆಂಬರ್ ಮೊದಲ ಶನಿವಾರ ಶುರು. ಅದಕ್ಕೆ ಮುಂಚೆ, ಈ ಭಾನುವಾರವೇ ಅವರ ಮನೆಗೆ ಹೋಗುತ್ತಿದ್ದೇನೆ.